ಮೂರು ಬೈಬಲ್ಲು, ಒಂದು ಬಿಡಿ ಹಾಳೆ

9 ಫೆಬ್ರವರಿ 1996

ಅಕ್ಕಾ,

ದೂರದಿಂದ ನಿನ್ನ ಕೋತಿ ಹಲ್ಲು ಕಿರಿದು ಮಾಡೋ ನಮಸ್ಕಾರ. ನಾನು ಚೆನ್ನಾಗಿದೀನಿ. ಕೈ ಎರಡೂ ಇದೆ, ಬೆರಳು ಹತ್ತೂ ಇದೆ. ಕಟಿಂಗ್ ಮಷೀನ್ ಬಿಟ್ಟು ಎದ್ದಾಗಲೆಲ್ಲ ಒಂದು ಸಲ ಎಣಿಸ್ಕೋತೀನಿ.

ಜೂನಿಂದ ಸಂಡೇ ಸ್ಕೂಲಿಗೆ ಪ್ರತಿ ಮಗುನೂ ತನ್ನದೇ ಬೈಬಲ್ಲು ತರಬೇಕು ಅಂತ ಟೀಚರು ಹೇಳಿದಾರೆ ಅಂತ ದೊಡ್ಡವಳು ಬರೆದಿದ್ಳು. ಜೊತೆಗೆ ನನ್ನ ಹೋದ ಕಾಗದದಲ್ಲಿರೋ ತಪ್ಪುಗಳ ಪಟ್ಟಿನೂ ಕಳಿಸಿದ್ಳು. ಹನ್ನೊಂದು ತಪ್ಪು! ಅಪ್ಪನ ಕಾಗದಕ್ಕೆ ಕೆಂಪು ಪೆನ್ನಲ್ಲಿ ಗೀಟು ಹಾಕೋ ಮಗಳು ಇನ್ಯಾರಿಗಿದಾಳೆ ಹೇಳು? 'ಮೇಡಂ' ಅಂತ ನಾನಿಟ್ಟ ಹೆಸರು ವ್ಯರ್ಥ ಆಗಲಿಲ್ಲ.

ಮೂರು ಬೈಬಲ್ಲೂ ನಾನೇ ಇಲ್ಲಿಂದ ಕಳಿಸ್ತೀನಿ. ಆದ್ರೆ ಯಾರಿಗೆ ಎಂಥದ್ದು ಅಂತ ನೀನು ಹೇಳ್ಬೇಕು. ನಾನು ಬೈಂಡಿಂಗಿನವನು, ಪುಸ್ತಕದ ಬೆನ್ನು ಸವರಿ ಎಷ್ಟು ವರ್ಷ ಬಾಳತ್ತೆ ಅಂತ ಹೇಳಬಲ್ಲೆ. ಒಳಗಿನ ಸಮಾಚಾರ ಕೇಳಬೇಡ. ನಾಲ್ಕನೇ ಕ್ಲಾಸಿಗೇ ನನ್ನ ಜಾಣತನದ ದಾಸ್ತಾನು ಮುಗಿದುಹೋಯ್ತಲ್ಲ. ಮೇಡಂಗೆ ಹದಿಮೂರು, ಗುಡುಗಪ್ಪನಿಗೆ ಒಂಬತ್ತು, ಇರುವೆಗೆ ಆರು. ಮೂವರಿಗೂ ಒಂದೇ ತರದ್ದು ತಂದ್ರೆ ಮೂವರೂ ಸೇರಿ ನನ್ನ ತಲೆ ಮೇಲೇ ಇಡ್ತಾರೆ.

ಇನ್ನೊಂದು ಮಾತು. ಇಲ್ಲಿನ ಕರಾರು ಮುಗಿಯೋಕೆ ಇನ್ನೂ ಹದಿನೈದು ತಿಂಗಳಿದೆ. ಅವರಮ್ಮ ತೀರಿಹೋಗಿ ಇರುವೆನ ನಿನ್ನ ಕೈಗೆ ಕೊಟ್ಟು ಬಂದಾಗ ಅವಳಿಗೆ ನಾಲ್ಕು ತಿಂಗಳು. ಮಧ್ಯೆ ಒಂದೇ ಒಂದು ಸಲ, ಅವಳು ಆಗಷ್ಟೇ ನಡೆಯೋಕೆ ಕಲಿತಿದ್ದಾಗ, ಬಂದೆ. ನನ್ನ ಮೀಸೆ ನೋಡಿ ಕಿರುಚಿ, ನಿನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡ್ಳು. ಹತ್ತು ದಿನ ಇದ್ದೆ, ಹತ್ತು ದಿನಾನೂ ಅಲ್ಲಿಂದಲೇ ನೋಡಿದ್ಳು. ಈಗ ಅಕ್ಷರ ಕೂಡಿಸಿ ಓದ್ತಾಳೆ ಅಂತೀಯಲ್ಲ, ಅವಳ ಬೈಬಲ್ಲಿನ ಮೊದಲನೇ ಹಾಳೆ ಮೇಲೆ 'ನಿನ್ನ ಅಪ್ಪನಿಂದ' ಅಂತ ಬರೀತೀನಿ. ತೆಗೆದಾಗಲೆಲ್ಲ ಕಣ್ಣಿಗೆ ಬೀಳ್ಲಿ. ನಾನು ಬಂದು ಬಾಗಿಲಲ್ಲಿ ನಿಂತಾಗ ಅವಳು 'ಯಾರು ಬೇಕು?' ಅಂತ ಕೇಳ್ದಿದ್ರೆ ಸಾಕು. ಬೇರೇನೂ ಬೇಡ ನನಗೆ.

ಗೋಡೆ ಮೇಲಿರೋ ಭಾವನ ಫೋಟೋಗೂ ನಮಸ್ಕಾರ ಹೇಳು. ಅವರು ಹೋಗಿ ಎಂಟು ವರ್ಷ ಆದ್ರೂ ನಿನ್ನ ಮನೇಲಿ ನನ್ನ ಜೋಕಿಗೆ ನಗೋರು ಅವರೊಬ್ರೇ.

ಇಂತಿ,
ನಿನ್ನ ಕೋತಿ


1 ಮಾರ್ಚ್ 1996

ತಮ್ಮಾ,

ಶಾಲೆಯವರ ನೂರೈವತ್ತು ಯೂನಿಫಾರಂ ಮಷೀನಿನ ಮುಂದೆ ರಾಶಿ ಬಿದ್ದಿದೆ. ಚಿಕ್ಕದಾಗಿ ಬರೀತೀನಿ.

ಮೇಡಂಗೆ ಪೂರ್ತಿ ಬೈಬಲ್ಲೇ ಆಗ್ಬೇಕಂತೆ. ಒಂದು ಬೊಂಬೆ ಇದ್ರೂ ವಾಪಸ್ ಕಳಿಸ್ತಾಳಂತೆ. ಈಗಿನ ಮಾತಲ್ಲಿರೋದು ನೋಡು. ಪಾಸ್ಟರ ಹತ್ರ ಇರೋ ಹಳೇ ಕಾಲದ್ದು ತಂದ್ರೆ ಸಾಲಿಗೊಂದು ಅರ್ಥ ಕೇಳಿ ನನ್ನ ಪ್ರಾಣ ತೆಗೀತಾಳೆ. ಅಕ್ಷರ ತೀರಾ ಸಣ್ಣದಿರಬಾರ್ದು, ಕಣ್ಣು ಕಿರಿದು ಮಾಡಿ ಓದ್ತಾಳೆ. ಕೊನೇಲಿ ನಕಾಶೆ ಇರಲಿ, ಅಂಚಲ್ಲಿ ಬರೆಯೋಕೆ ಜಾಗ ಇರಲಿ.

ಗುಡುಗಪ್ಪ ಒಂದು ಕಡೆ ಕೂತ್ರೆ ತಾನೇ ಓದೋದು. ಅವನಿಗೆ ಬಿಡಿ ಬಿಡಿ ಕಥೆಗಳಿರೋದು ತಗೋ. ಒಂದೊಂದೂ ಮೂರು ಪುಟದಲ್ಲಿ ಮುಗೀಬೇಕು. ಸಿಂಹ ಇರಲಿ, ಮೀನಿನ ಹೊಟ್ಟೆ ಇರಲಿ, ಕವಣೆಕಲ್ಲು ಇರಲಿ.

ಸಣ್ಣವಳಿಗೆ ಚಿತ್ರದ್ದು. ದಪ್ಪ ಕಾಗದ, ಪುಟಕ್ಕೆರಡು ಸಾಲು. ಹೆದರಿಸೋ ಚಿತ್ರ ಬೇಡ. ಅವಳ ಪುಸ್ತಕದಲ್ಲಿ ನೀನು ಏನೂ ಬರೀಬೇಡ. ಅವಳ ಹೆಸರು ನಾನೇ ಇಲ್ಲಿ ಬರೀತೀನಿ. ನಿನ್ನ ಅಕ್ಷರ ಕೋಳಿ ಕೆರೆದ ಹಾಗಿರತ್ತೆ, ಮಗು ಬೆಚ್ಚಿ ಬೀಳತ್ತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


24 ಮಾರ್ಚ್ 1996

ಅಕ್ಕಾ,

ಈ ಕೋತಿ ಹೋದ ವಾರ ಪುಸ್ತಕದ ಅಂಗಡಿಗೆ ಗಿರಾಕಿಯಾಗಿ ಹೋಗಿತ್ತು. ಇಪ್ಪತ್ತು ವರ್ಷ ಪುಸ್ತಕ ಹೊಲಿದಿದೀನಿ, ಒಂದನ್ನ ಕೊಂಡಿದ್ದು ಇದೇ ಮೊದಲು.

ಅಂಗಡಿಯಮ್ಮ ಮೂಗಿನ ತುದೀಲಿ ಕನ್ನಡಕ ಇಟ್ಕೊಂಡು ಕೂತಿದ್ರು. ನಾನು ಒಂದೊಂದೇ ಬೈಬಲ್ಲು ತೆಗೆದು, ರಟ್ಟು ಬಗ್ಗಿಸಿ, ಬೆನ್ನು ಒತ್ತಿ, ಅಂಟು ಮೂಸಿ ನೋಡ್ತಿದ್ದೆ. ಸ್ವಲ್ಪ ಹೊತ್ತು ನೋಡಿ, "ಏನ್ರೀ, ಬೈಬಲ್ಲು ಕೊಳ್ಳೋಕೆ ಬಂದ್ರಾ, ಎತ್ತು ಕೊಳ್ಳೋಕೆ ಬಂದ್ರಾ?" ಅಂದ್ರು.

"ಎತ್ತಾಗಿದ್ರೆ ಹಲ್ಲು ನೋಡ್ತಿದ್ದೆ ತಾಯೀ. ಇದಕ್ಕೆ ಹೊಲಿಗೆ ನೋಡ್ತಿದೀನಿ."

ನಕ್ಕುಬಿಟ್ರು. ಆಮೇಲೆ ಸ್ಟೂಲು ಕೊಟ್ಟು ಕೂರಿಸಿ, "ಯಾರಿಗೆ? ವಯಸ್ಸೆಷ್ಟು? ಮಕ್ಕಳು ಎಂಥವರು?" ಅಂತ ಕೇಳಿದ್ರು. "ಒಬ್ಳು ಪುಸ್ತಕ ತಿಂತಾಳೆ. ಒಬ್ಬ ಪುಸ್ತಕದ ಮೇಲಿಂದ ಹಾರ್ತಾನೆ. ಇನ್ನೊಬ್ಳು..." ಅಂದೆ. ಇರುವೆಗೆ ಏನಿಷ್ಟ, ಯಾವುದಕ್ಕೆ ನಗ್ತಾಳೆ ಅಂತ ನನಗೆ ಗೊತ್ತಿಲ್ಲವಲ್ಲ ಅಕ್ಕಾ. "ಇನ್ನೊಬ್ಳು ಸಣ್ಣವಳು" ಅಂದೆ, ಅಷ್ಟೇ.

ಯಾವುದು ಸುಲಭ ಅಂತ ನೋಡೋಕೆ ನಾನೇ ಜೋರಾಗಿ ಓದಿದೆ. ದೊಡ್ಡದರಲ್ಲಿ ಯಾರ ಮಗ ಯಾರು ಅನ್ನೋ ಪಟ್ಟಿ ಬರತ್ತೆ ನೋಡು, ಅಲ್ಲಿ ಅಜ್ಜನ ಹೆಸರು ಮುಗಿಯೋದ್ರಲ್ಲಿ ಮೊಮ್ಮಗ ಹುಟ್ಟಿಬಿಟ್ಟ, ನನ್ನ ನಾಲಿಗೆ ಗಂಟು ಬಿತ್ತು. ಅಂಗಡಿಯಮ್ಮ "ಬಿಡಿ, ಅವಳು ಓದ್ಕೋತಾಳೆ" ಅಂದ್ರು. ಅದೇ ಮೇಡಂಗೆ. ನಕಾಶೆ ಇದೆ, ಅಂಚೂ ಅಗಲ ಇದೆ, ನನ್ನ ತಪ್ಪುಗಳ ಪಟ್ಟಿ ಬರೆಯೋಕೂ ಜಾಗ ಇದೆ. ಗುಡುಗಪ್ಪನಿಗೆ ಕಥೆಗಳದ್ದು. ದಾವೀದ ಕವಣೆ ಬೀಸೋ ಚಿತ್ರ ರಟ್ಟಿನ ಮೇಲೇ ಇದೆ. ಮನೇಲಿರೋ ಗಾಜಿನ ಸಾಮಾನು ಈಗಲೇ ಎತ್ತಿಡು.

ಇರುವೆದು ಚಿತ್ರದ ಪುಸ್ತಕ. ಚಿತ್ರ ಚೆಂದ, ಹೊಲಿಗೆ ಮಾತ್ರ ಶುದ್ಧ ಮೋಸ. ಎರಡೇ ಕಡೆ ದಾರ, ಮಿಕ್ಕಿದ್ದೆಲ್ಲ ಅಂಟು. ಕಾರ್ಖಾನೆಗೆ ತಗೊಂಡು ಹೋಗಿ ಮಧ್ಯಾಹ್ನದ ಊಟದ ಬಿಡುವಲ್ಲಿ ಪೂರ್ತಿ ಬಿಚ್ಚಿ, ಮೇಣದ ದಾರ ಹಾಕಿ ಐದೈದು ತೂತಲ್ಲಿ ನಾನೇ ಹೊಲಿದೆ. ನಾಲ್ಕು ದಿನ ಹಿಡೀತು. ಈಗ ಇರುವೆಯಲ್ಲ, ಆನೆ ಬಂದು ಎಳೆದ್ರೂ ಒಂದು ಹಾಳೆ ಬರಲ್ಲ.

ಮೊದಲನೇ ಹಾಳೆ ಖಾಲಿ ಇತ್ತು. ನೀನು ಬೇಡ ಅಂದ್ರೂ ಬರೆದೆ, ಬೈಬೇಡ. ರದ್ದಿ ಕಾಗದದ ಮೇಲೆ ಐದು ಸಲ ಅಭ್ಯಾಸ ಮಾಡಿ ಬರೆದಿದೀನಿ: 'ನನ್ನ ಇರುವೆಗೆ, ನಿನ್ನ ಅಪ್ಪನಿಂದ.' ಕೋಳಿ ಕೆರೆದ ಹಾಗಿಲ್ಲ. ಹೆಚ್ಚೆಂದ್ರೆ ಕೋಳಿ ನಡೆದ ಹಾಗಿದೆ.

ಪಾರ್ಸಲ್ ಕಟ್ಟೋ ಮುಂಚೆ ಅವಳದನ್ನ ಪೂರ್ತಿ ಓದಿದೆ. ಮೂರರಲ್ಲಿ ನನ್ನ ವಯಸ್ಸಿಗೆ ಸರಿಹೋಗಿದ್ದು ಅದೊಂದೇ! ನೋಹ ನಾವೆಯಿಂದ ಪಾರಿವಾಳ ಬಿಡ್ತಾನಲ್ಲ, ಎಲ್ಲಿ ನೋಡಿದ್ರೂ ನೀರು, ಕಾಲಿಡೋಕೆ ಜಾಗ ಇಲ್ಲ, ಅದು ವಾಪಸ್ ಬರತ್ತೆ. ಅವನು ಕಿಟಕಿಯಿಂದ ಕೈ ಚಾಚಿ ಒಳಗೆ ತಗೋತಾನೆ. ಆ ಚಿತ್ರ ನೋಡ್ತಾ ಕೂತೆ. ಚಹಾ ಆರಿ ನೀರಾಯ್ತು.

ರೂಮಲ್ಲಿ ಈಗ ನಾನೊಬ್ನೇ. ಜೊತೆಗಿದ್ದವನು, ಕಾರ್ಖಾನೇಲಿ ಅಂಟು ಹಚ್ಚೋನು, ಕೆಲಸ ಬಿಟ್ಟು ಊರಿಗೆ ಹೋದ. ಎರಡು ಮಂಚ, ಒಬ್ಬ ಆಸಾಮಿ. ಒಂದು ವಾರ ಈ ಮಂಚ, ಒಂದು ವಾರ ಆ ಮಂಚ ಅಂತ ಮಲಗ್ತೀನಿ. ಮನೆಗೆ ನೆಂಟರು ಬಂದ ಹಾಗಿರತ್ತೆ.

ಇಂತಿ,
ಕೋತಿ


30 ಏಪ್ರಿಲ್ 1996

ತಮ್ಮಾ,

ಪಾರ್ಸಲ್ ಬಂತು. ಮೂರೂ ಚೆನ್ನಾಗಿವೆ.

ಮೇಡಂ ತನ್ನದಕ್ಕೆ ಹಾಳೆ ಸುತ್ತಿ ಇಟ್ಟಿದಾಳೆ, ಯಾರೂ ಮುಟ್ಟೋ ಹಾಗಿಲ್ಲ. ಗುಡುಗಪ್ಪ ಗೊಲ್ಯಾತನ ಕಥೆ ಒಂದನ್ನೇ ಏಳು ಸಲ ಓದಿದ. ಆರನೇ ಸಲಕ್ಕೆ ಪಕ್ಕದ ಮನೆಯವರ ಕಿಟಕಿ ಹೋಯ್ತು. ಸಣ್ಣವಳೂ ಖುಷಿಯಾಗಿದಾಳೆ. ಎಲ್ಲರೂ ಖುಷಿ.

ಇಲ್ಲಿ ಸೆಕೆ. ಕೆಲಸ ಜಾಸ್ತಿ. ನೀನು ಒಬ್ನೇ ಇರೋದ್ರಿಂದ ಬಾಗಿಲು ಸರಿಯಾಗಿ ಹಾಕ್ಕೊಂಡು ಮಲಗು.

ಅಕ್ಕ


19 ಮೇ 1996

ಅಕ್ಕಾ,

ಅಲ್ಲ ಕಣೇ, ಕಿಟಕಿ ಒಡೆದ ಕಥೆಗೆ ಎರಡು ಸಾಲು, ಇರುವೆಗೆ ಬರೀ 'ಖುಷಿಯಾಗಿದಾಳೆ'? ದರ್ಜಿ ಅಂದ್ರೆ ಮಾತನ್ನೂ ಹೀಗೆ ಕತ್ತರಿಸೋದಾ!

ಮೊದಲನೇ ಹಾಳೆ ಓದಿದ್ಳಾ? ತಾನೇ ಓದಿದ್ಳಾ, ನೀನು ಓದಿ ಹೇಳಿದ್ಯಾ? ಓದಿ ಏನಂದ್ಳು? ಏನೂ ಅನ್ನದಿದ್ರೂ ಪರವಾಗಿಲ್ಲ, ಮುಖ ಹೇಗಿತ್ತು ಅಂತ ಬರಿ. ಅವಳ ಕೈಲಿ ಒಂದು ಸಾಲು ಬರೆಸಿ ಕಳಿಸು. ಅಕ್ಷರ ತಪ್ಪಿರಲಿ. ಇಡೀ ಮನೇಲಿ ನನ್ನ ತರ ತಪ್ಪು ಬರೆಯೋರು ಇನ್ನೊಬ್ರು ಇದ್ರೆ ನನಗೂ ಒಂದು ಧೈರ್ಯ.

ಭಾನುವಾರ ಕಾರ್ಖಾನೆ ಬಾಗಿಲು ಹಾಕಿರತ್ತೆ. ಕೆಳಗಿನ ಬೀದಿಯಲ್ಲಿ ಜನ ಮಕ್ಕಳ ಕೈ ಹಿಡ್ಕೊಂಡು ಹೋಗ್ತಿರ್ತಾರೆ. ನಾನು ಕಿಟಕೀಲಿ ನಿಂತು ಯಾವ ಮಗು ಎಷ್ಟೆತ್ತರ ಇದೆ ನೋಡ್ತೀನಿ. ಆರು ವರ್ಷದ್ದು ಅಂದ್ರೆ ಎಲ್ಲೀವರೆಗೆ ಬರಬಹುದು? ನನ್ನ ಸೊಂಟದವರೆಗಾ?

ಇಂತಿ,
ಕೋತಿ


20 ಜೂನ್ 1996

ತಮ್ಮಾ,

ನೀನು ಕೇಳಿದ್ದಕ್ಕೆ ಬರೀತಿದೀನಿ. ಓದಿದ್ಳು, ನಕ್ಕಳು. ಬರೆಯೋಕೆ ನಾಚಿಕೆ ಅವಳಿಗೆ. ನಿನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರ್ತಾಳೆ.

ಆನೆ ಎಳೆದ್ರೂ ಬರಲ್ಲ ಅಂತ ಜಂಬ ಕೊಚ್ಚಿದ್ಯಲ್ಲ? ಒಂದು ಹಾಳೆ ತಾನಾಗೇ ಕಳಚಿ ಬಂತು. ನೋಹ ಪಾರಿವಾಳನ ಒಳಗೆ ತಗೊಳ್ಳೋ ಹಾಳೆ, ಹದಿನಾರನೇ ಪುಟ. ಸಂಡೇ ಸ್ಕೂಲಲ್ಲಿ ಎಲ್ಲರ ಮುಂದೆ ಪುಸ್ತಕ ತೆಗೆದಾಗ ಜಾರಿ ಕೆಳಗೆ ಬಿತ್ತಂತೆ. 'ನಿನ್ನ ಬೈಬಲ್ಲು ಹರಕಲು' ಅಂತ ಮಕ್ಕಳು ಆಡ್ಕೊಂಡ್ರಂತೆ. ಆ ಹಾಳೆನ ಎದೆಗೆ ಅವುಚ್ಕೊಂಡು ಅಳ್ತಾ ಬಂದ್ಳು. ಬೇರೆ ಹಾಳೆಗಳೆಲ್ಲ ಗಟ್ಟಿಯಾಗಿವೆ, ಅದೊಂದೇ. ಅಂಟು ಹಾಕಿದ್ರೆ ನಿಲ್ಲತ್ತಾ? ಬೇಗ ಬರಿ.

ಅಕ್ಕ


5 ಆಗಸ್ಟ್ 1996

ತಮ್ಮಾ,

ಆರು ವಾರ ಆಯ್ತು, ನಿನ್ನಿಂದ ಒಂದು ಸಾಲಿಲ್ಲ. ಹುಷಾರಿದೀಯಾ? ಮಷೀನಿಗೆ ಕೈ ಗೀ ಕೊಟ್ಯಾ? ಅಂಚೆಯವನು ಬಾಗಿಲು ದಾಟಿ ಹೋದಾಗಲೆಲ್ಲ ಮೇಡಂ ನನ್ನ ಮುಖ ನೋಡ್ತಾಳೆ. ಜೋಕು ಬೇಡ, ಚೆನ್ನಾಗಿದೀನಿ ಅಂತ ಒಂದು ಕಾರ್ಡು ಹಾಕು.

ಅಕ್ಕ


18 ಆಗಸ್ಟ್ 1996

ಅಕ್ಕಾ,

ಕೈ ಚೆನ್ನಾಗಿದೆ.

ಬೈಯೋಣ ಅಂತ ಮೂರು ಸಲ ಬರೆಯೋಕೆ ಕೂತೆ. ಬೈಗುಳದಲ್ಲೂ ಅಕ್ಷರ ತಪ್ಪತ್ತೆ, ಮೇಡಂ ಗೀಟು ಹಾಕ್ತಾಳೆ ಅಂತ ಹರಿದು ಹಾಕಿದೆ.

ನಿನಗೆ ಬಟ್ಟೆ ಗೊತ್ತು, ಪುಸ್ತಕ ಗೊತ್ತಿಲ್ಲ. ನಾನು ಹೇಳ್ತೀನಿ ಕೇಳು. ಪುಸ್ತಕದಲ್ಲಿ ಯಾವ ಹಾಳೆನೂ ಒಂಟಿಯಾಗಿರಲ್ಲ. ಒಂದು ಅಗಲ ಕಾಗದನ ನಡುವೆ ಮಡಚ್ತೀವಿ, ಆಗ ಎರಡು ಹಾಳೆ ಆಗತ್ತೆ. ಅಂಥ ನಾಲ್ಕು ಕಾಗದ ಒಂದರೊಳಗೊಂದು ಇಟ್ರೆ ಹದಿನಾರು ಪುಟ. ದಾರ ಹೋಗೋದು ಮಡಿಕೇಲಿ. ಹಾಗಾಗಿ ಮೊದಲನೇ ಹಾಳೆನೂ ಕೊನೇ ಹಾಳೆನೂ ಒಂದೇ ಕಾಗದ, ಒಂದಕ್ಕೊಂದು ಜೋಡಿ. ಒಂದನ್ನ ಮಡಿಕೆಗೆ ಸರಿಯಾಗಿ ಕತ್ತರಿಸಿದ್ರೆ ಇನ್ನೊಂದಕ್ಕೆ ಹಿಡ್ಕೊಳ್ಳೋಕೆ ಏನೂ ಉಳಿಯಲ್ಲ. ಸ್ವಲ್ಪ ದಿನ ಅಂಟಿನ ಋಣದಲ್ಲಿ ನಿಂತಿರತ್ತೆ, ಆಮೇಲೆ ಜಾರತ್ತೆ.

ಪಾರಿವಾಳದ ಜೋಡಿ ಹಾಳೆ ಯಾವುದು ಗೊತ್ತಾ? ನಾನು ಬರೆದಿದ್ದು.

ನಿನ್ನ ಕೈ ಅಚ್ಚುಕಟ್ಟು ಅಕ್ಕಾ. ಒಂದು ಬೆರಳಗಲ ಬಿಟ್ಟು ಒರಟಾಗಿ ಕತ್ತರಿಸಿದ್ದಿದ್ರೆ ಪಾರಿವಾಳ ಅಲ್ಲೇ ಇರ್ತಿತ್ತು, ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಗುರುತೇ ಸಿಗದ ಹಾಗೆ ಕತ್ತರಿಸಿದ್ಯಲ್ಲ, ಅದೇ ಗುರುತಾಯ್ತು.

ಅವಳು ಓದ್ಲೂ ಇಲ್ಲ, ನಗ್ಲೂ ಇಲ್ಲ ಅಲ್ವಾ? ಯಾಕೆ ಅಂತ ಮಾತ್ರ ಹೇಳು.

ನಿನ್ನ ತಮ್ಮ


9 ಸೆಪ್ಟೆಂಬರ್ 1996

ತಮ್ಮಾ,

ಮಕ್ಕಳು ಶಾಲೆಗೆ ಹೋದ ಮೇಲೆ ಬರೀತಿದೀನಿ. ಇವತ್ತು ಮಷೀನು ಮುಟ್ಟಿಲ್ಲ.

ಒಂದೂವರೆ ವರ್ಷಕ್ಕೆ ಅವಳು ನನ್ನನ್ನ 'ಅಮ್ಮ' ಅಂದ್ಳು. ದೊಡ್ಡವರಿಬ್ರೂ 'ಅತ್ತೆ' ಅಂತಾರೆ, ಇವಳು ಮಾತ್ರ ಅಮ್ಮ. ತಿದ್ದಬೇಕಿತ್ತು. ನಾಳೆ ತಿದ್ದೋಣ ಅಂದ್ಕೊಂಡೆ. ನನ್ನನ್ನ ಹಾಗೆ ಯಾರೂ ಕರೆದಿರಲಿಲ್ಲ ಕಣೋ. ಒಂದು ದಿನ ಕೇಳ್ಬಿಡೋಣ ಅನ್ನಿಸ್ತು. ಒಂದು ದಿನ ಹೋಗಿ ಐದು ವರ್ಷ ಆಯ್ತು.

ಆಮೇಲೆ ಅವಳೇ ಸಂಬಂಧ ಕಟ್ಕೊಂಡ್ಳು. ನಾನು ಅಮ್ಮ ಆದ ಮೇಲೆ ಗೋಡೆ ಮೇಲಿನ ಫೋಟೋ ಅಪ್ಪ. ನೀನು ಅಮ್ಮನ ತಮ್ಮ, ಹಾಗಾಗಿ ಮಾಮ. ಮೇಡಂ, ಗುಡುಗಪ್ಪ ಇಬ್ರೂ ಮಾಮನ ಮಕ್ಕಳು, ನಮ್ಮನೇಲಿ ಓದೋಕಿದಾರೆ. ಅವಳಿಗೆ ನಿಜ ಹೇಳಲ್ಲ ಅಂತ ಅವರಿಬ್ರ ಕೈಲೂ ಆಣೆ ಹಾಕಿಸಿದೀನಿ. ಹೋದ ವರ್ಷ ಗುಡುಗಪ್ಪ ಬಾಯಿ ಬಿಡೋಕೆ ಹೋದಾಗ ಒಂದು ಏಟು ಕೊಟ್ಟೆ. ಅವನು ಅಳಲಿಲ್ಲ, ನಾನು ಅತ್ತೆ.

ಅವಳಿಗೆ ನಿನ್ನ ಮೇಲೆ ಇಷ್ಟ ಇಲ್ಲ ಅಂದ್ಕೋಬೇಡ. ನಿನ್ನ ಕಾಗದ ಬಂದ್ರೆ 'ಮಾಮ ಏನು ಜೋಕು ಬರೆದಿದಾರೆ?' ಅಂತ ಮೊದಲು ಓಡಿ ಬರೋಳು ಅವಳೇ. ಎರಡು ಮಂಚದ ಮಾತಿಗೆ ಬಿದ್ದು ಬಿದ್ದು ನಕ್ಕಳು. 'ಪಾಪ, ಇನ್ನೊಂದು ಮಂಚಕ್ಕೆ ಬೇಜಾರಾಗಲ್ವಾ?' ಅಂದ್ಳು.

ನೀನು ಬಂದು ಮೂವರನ್ನೂ ಕರ್ಕೊಂಡು ಹೋಗ್ತೀಯ. ದೊಡ್ಡವರು ನಿನ್ನವರು, ಹೋಗ್ಲಿ. ಅವಳೂ ಹೋದ್ರೆ ಈ ಮನೇಲಿ ಮಷೀನಿನ ಸದ್ದು ಬಿಟ್ಟು ಇನ್ನೇನಿರತ್ತೆ? ಪಾರ್ಸಲ್ ಬಿಚ್ಚಿ ನಿನ್ನ ಅಕ್ಷರ ನೋಡಿದ ಕೂಡಲೇ ಬ್ಲೇಡು ತಗೊಂಡೆ. ಯೋಚನೆ ಮಾಡಿದ್ರೆ ಕೈ ಬರ್ತಿರಲಿಲ್ಲ.

ಬೈದುಬಿಡು. ಮೂರು ಸಲ ಹರಿದಿದ್ದನ್ನ ನಾಲ್ಕನೇ ಸಲ ಬರೆದು ಕಳಿಸು.

ಅಕ್ಕ


29 ಸೆಪ್ಟೆಂಬರ್ 1996

ಅಕ್ಕಾ,

ಬೈಯಲ್ಲ. ನಿನ್ನ ಕಾಗದ ಕಾರ್ಖಾನೇಲೇ ಓದಿದೆ. ಓದಿ ಆದ ಮೇಲೆ ನಲವತ್ತು ರಿಜಿಸ್ಟರು ತಲೆಕೆಳಗಾಗಿ ಹೊಲಿದಿದೀನಿ. ಮೇಸ್ತ್ರಿ "ಏನಯ್ಯಾ, ಇವನ್ನ ತಲೆ ಕೆಳಗೆ ಮಾಡಿ ನಿಂತ್ಕೊಂಡು ಓದ್ತಾರಾ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವಳನ್ನ ನಿನ್ನಿಂದ ಕಿತ್ತುಕೊಂಡು ಹೋಗಲ್ಲ. ನಾಲ್ಕು ತಿಂಗಳ ಕೂಸನ್ನ ಕೊಟ್ಟು ಬಂದವನು ನಾನು. ಜ್ವರ ಬಂದಾಗ ಎದ್ದು ಕೂತವಳು ನೀನು. ಬರೋ ವರ್ಷ ಬಂದು ನಿನ್ನ ಬೀದೀಲೇ ಒಂದು ರೂಮು ಹಿಡೀತೀನಿ. ಮೇಡಂ, ಗುಡುಗಪ್ಪ ಬೇಕಾದ್ರೆ ನನ್ನ ಜೊತೆ ಇರ್ಲಿ, ಬೇಡ ಅಂದ್ರೆ ನಿನ್ನ ಜೊತೆ. ಬೈಂಡಿಂಗ್ ಕೆಲಸ ಎಲ್ಲಿ ಬೇಕಾದ್ರೂ ಸಿಗತ್ತೆ.

ಆದ್ರೆ ಪಾರಿವಾಳ ನಿಲ್ಲೋಕೆ ಜೋಡಿ ಬೇಕೇ ಬೇಕು. ಬರೀ ಅಂಟು ಹಾಕಿದ್ರೆ ಆರು ತಿಂಗಳಿಗೆ ಮತ್ತೆ ಬೀಳತ್ತೆ, ಮಕ್ಕಳು ಮತ್ತೆ ಆಡ್ಕೋತಾರೆ. ಇದರ ಜೊತೆ ಅದೇ ಅಳತೆಯ ಒಂದು ಹಾಳೆ, ಒಂದು ತೆಳು ಪಟ್ಟಿ ಇಟ್ಟಿದೀನಿ. ಎರಡು ಹಾಳೆನೂ ಪಕ್ಕ ಪಕ್ಕ ಇಟ್ಟು, ನಡುವೆ ಪಟ್ಟಿ ಅಂಟಿಸಿ ಒಣಗಿಸು. ಒಣಗಿದ ಮೇಲೆ ಮಡಚಿ ಪುಸ್ತಕದೊಳಗೆ ಕೂರಿಸಿ, ಹಳೇ ತೂತುಗಳಲ್ಲೇ ದಾರ ಓಡಿಸು. ಸೂಜಿ ಹಿಡಿಯೋದು ನಿನಗೆ ಹೇಳ್ಕೊಡಬೇಕಾ?

ಹಾಳೆ ಮೇಲೆ ಬರೆದಿದೀನಿ, ನೋಡು. 'ನನ್ನ ಇರುವೆಗೆ, ಮಾಮನಿಂದ.' ಇದಕ್ಕೆ ಅಭ್ಯಾಸ ಮಾಡಲಿಲ್ಲ. ಒಂದೇ ಸಲಕ್ಕೆ ಬರೆದೆ.

ಕೋತಿ


27 ಅಕ್ಟೋಬರ್ 1996

ತಮ್ಮಾ,

ನೀನು ಕಳಿಸಿದ ಪಟ್ಟಿ ಉಪಯೋಗಿಸಿದೆ. ಹಾಳೆ ಉಪಯೋಗಿಸಲಿಲ್ಲ.

ಕತ್ತರಿಸಿದ ಹಳೇ ಹಾಳೆನ ನಾನು ಎಸೆದಿರಲಿಲ್ಲ. ನನ್ನ ಬೈಬಲ್ಲಿನೊಳಗೆ ಇಟ್ಟಿದ್ದೆ. ಅವತ್ತಿಂದ ಆ ಬೈಬಲ್ಲು ತೆಗೆಯೋಕೆ ನನಗೇ ಆಗಿರಲಿಲ್ಲ. ಮೇಡಂ ಕೈಲಿ ಅಂಟು ಹಚ್ಚಿಸಿದೆ, ನಾನು ಹೊಲಿದೆ. ಮುಗಿದ ಮೇಲೆ ಅವಳು ನನ್ನ ಕುತ್ತಿಗೆ ತಬ್ಬಿಕೊಂಡು ತುಂಬಾ ಹೊತ್ತು ನಿಂತಿದ್ಳು.

ಸಣ್ಣವಳು ಶಾಲೆಯಿಂದ ಬಂದ ಮೇಲೆ ಪುಸ್ತಕ ಕೈಗೆ ಕೊಟ್ಟೆ. ಮೊದಲು ಪಾರಿವಾಳ ಎಳೆದು ನೋಡಿದ್ಳು, ಬರಲಿಲ್ಲ. ಆಮೇಲೆ ಮೊದಲನೇ ಹಾಳೆ. ಬೆರಳಿಟ್ಟು ಕೂಡಿಸಿ ಓದಿದ್ಳು, ಎರಡು ಸಲ. 'ಇದು ಮಾಮನ ಅಕ್ಷರ. ಮಾಮ ತಪ್ಪು ಬರೆದಿದಾರೆ' ಅಂದ್ಳು.

'ತಪ್ಪು ಬರೆದಿಲ್ಲ, ತಪ್ಪು ಹೇಳ್ಕೊಟ್ಟಿದ್ದು ನಾನು' ಅಂದೆ. ಎಲ್ಲಾ ಹೇಳಿದೆ. ಅವಳನ್ನ ಹೆತ್ತವಳ ಫೋಟೋ ಪೆಟ್ಟಿಗೆಯಿಂದ ತೆಗೆದು ತೋರಿಸಿದೆ. ತುಂಬಾ ಹೊತ್ತು ನೋಡಿದ್ಳು. ಕುಣೀಲೂ ಇಲ್ಲ, ಅಳಲೂ ಇಲ್ಲ. ನನ್ನನ್ನ ಇನ್ನು ಏನಂತ ಕರೀಬೇಕು ಅಂತ ಕೇಳ್ತಾಳೇನೋ ಅಂತ ಉಸಿರು ಹಿಡ್ಕೊಂಡು ಕೂತಿದ್ದೆ. 'ಅಮ್ಮಾ, ಹಸಿವು' ಅಂದ್ಳು.

ಊಟ ಮಾಡ್ತಾ ಮಾಡ್ತಾ ಕೈ ನಿಲ್ಲಿಸಿ ಕೇಳಿದ್ಳು, 'ಹಾಗಾದ್ರೆ ಕಾಗದ ಬರೀತಿದ್ದ ಮಾಮ ಎಲ್ಲಿ ಹೋದ್ರು?' ಆಮೇಲೆ ಅತ್ತಳು ನೋಡು. ಏನು ಹೇಳಿದ್ರೂ ಸಮಾಧಾನ ಇಲ್ಲ. ನೀನೇ ಹೇಳ್ಬೇಕು.

ಅಕ್ಕ


15 ನವೆಂಬರ್ 1996

ಅಕ್ಕಾ,

ಇದನ್ನ ಇರುವೆಗೆ ಓದಿ ಹೇಳು. ಅವಳೇ ಓದ್ತೀನಿ ಅಂದ್ರೆ ಕೊಟ್ಟುಬಿಡು, ದಪ್ಪ ಅಕ್ಷರದಲ್ಲೇ ಬರೀತಿದೀನಿ.

ಇರುವೇ,

ಮಾಮ ಎಲ್ಲೂ ಹೋಗಿಲ್ಲ, ಅಳಬೇಡ. ಇಲ್ಲೇ ಇದಾರೆ, ನನ್ನ ರೂಮಲ್ಲೇ. ಎರಡು ಮಂಚ ಇದೆ ಅಂತ ನಿನಗೆ ಗೊತ್ತಲ್ಲ? ಕಿಟಕಿ ಪಕ್ಕದ ಮಂಚ ಅಪ್ಪಂದು, ಬಾಗಿಲ ಪಕ್ಕದ್ದು ಮಾಮಂದು. ಈಗ ಯಾವ ಮಂಚಕ್ಕೂ ಬೇಜಾರಿಲ್ಲ. ಇಬ್ರಿಗೂ ಒಂದೇ ಮೀಸೆ, ಒಂದೇ ಕನ್ನಡಕ, ಇಬ್ರೂ ನಾಲ್ಕನೇ ಕ್ಲಾಸು. ಜೋಕು ಬರೆಯೋದು ಮಾಮ. ಅಪ್ಪ ಸ್ವಲ್ಪ ಮಾತು ಕಮ್ಮಿ, ಬರೀ ಹೊಲೀತಾರೆ.

ನೀನು ಯಾರಿಗೆ ಬೇಕಾದ್ರೂ ಕಾಗದ ಬರಿ. ಒಬ್ರಿಗೆ ಬರೆದ್ರೆ ಇನ್ನೊಬ್ರು ಜೋರಾಗಿ ಓದಿ ಹೇಳ್ತಾರೆ. ರೂಮಲ್ಲಿ ಬೇರೆ ಯಾರ ಸದ್ದೂ ಇಲ್ಲ, ಚೆನ್ನಾಗಿ ಕೇಳಿಸತ್ತೆ.

ಮೇ ತಿಂಗಳಲ್ಲಿ ಬರ್ತೀವಿ. ಬಾಗಿಲು ಬಡಿದಾಗ 'ಯಾರು ಬೇಕು?' ಅಂತ ನೀನು ಕೇಳಿದ್ರೂ ಪರವಾಗಿಲ್ಲ. 'ನೀನು' ಅಂತೀವಿ, ಇಬ್ರೂ ಒಟ್ಟಿಗೆ.